ಕೇಳದವರಿಗೆ ಸೂತಕವಿಲ್ಲ

ವ್ಯಾನಿಗೆ ಕಿಲೋಮೀಟರಿಗೆ ನಾಲ್ಕು ರೂಪಾಯಿಯಂತೆ ಇನ್ನೂರ ಅರವತ್ತು ಕಿಲೋಮೀಟರಿಗೆ ಸಾವಿರದ ನಲವತ್ತು. ಡ್ರೈವರ್ ಮುನೇಶನ ಬಾಟಾ ಎಪ್ಪತ್ತೈದು. ಅಕ್ಕಿ, ಹುಣಸೆಹಣ್ಣು, ಮೊಸರು, ಎಣ್ಣೆ, ಮುತ್ತುಗದ ಎಲೆ ಎಲ್ಲ ಸೇರಿ ಇನ್ನೂರ ಇಪ್ಪತ್ತೈದು. ಅಲ್ಲಿಗೆ ಸಾವಿರದ ಮುನ್ನೂರ ನಲವತ್ತಾಯಿತು. ಹದಿನಾಲ್ಕು ಜನ, ತಲೆಗೆ ನೂರ ಮೂವತ್ತು. ಎಲ್ಲ ಕಳೆದು ನನ್ನ ಕೈಗೆ ಉಳಿಯುವುದು ನಾನೂರ ಎಂಬತ್ತು. ವ್ಯಾನು ಹೊರಡದೆ ಹೋದರೆ ಉಳಿಯುವುದು ಒಂದು ಹಂಡೆ ಪುಳಿಯೋಗರೆ.

ಇದು ತೊಂಬತ್ತೇಳರ ಲೆಕ್ಕ. ನಮ್ಮ ಯಜಮಾನರು ಮರಿಯಣ್ಣನವರು ಮಿಲ್ಲಿನ ಕೆಲಸ ಬಿಟ್ಟು ಬಿನ್ನಿಪೇಟೆಯಿಂದ ಚಾಮರಾಜಪೇಟೆಯ ಈ ವಠಾರಕ್ಕೆ ಬಂದ ಮೇಲೆ ನಾನು ತಿಂಗಳಿಗೊಂದು ಭಾನುವಾರ ಹೆಂಗಸರನ್ನು ಕೂಡಿಸಿಕೊಂಡು ದೇವಸ್ಥಾನಗಳಿಗೆ ಹೊರಡಿಸುತ್ತಿದ್ದೆ. ಅದಕ್ಕಾಗಿಯೇ ಮನೆಗೆ ಫೋನು ಹಾಕಿಸಿದ್ದು. ಒಂಬತ್ತು ಮನೆಗಳ ವಠಾರಕ್ಕೆ ಅದೊಂದೇ ಫೋನು. ಎಲ್ಲರೂ ತಮ್ಮ ನೆಂಟರಿಗೆ ನನ್ನ ನಂಬರನ್ನೇ ಪಿ.ಪಿ. ಅಂತ ಕೊಟ್ಟಿದ್ದರು. ಫೋನು ಬಂದರೆ ಕಿಟಕಿಯಿಂದ ಕೂಗುತ್ತಿದ್ದೆ. ಹೆರಿಗೆ, ಮದುವೆ, ಜಗಳ, ವಠಾರದ ಯಾವ ಸುದ್ದಿಯೂ ಮೊದಲು ನನ್ನ ಕಿವಿಗೆ ಬಿದ್ದೇ ಮುಂದಕ್ಕೆ ಹೋಗುತ್ತಿತ್ತು.

ಆ ಸಲ ಕೋಲಾರದ ಚಿನ್ನದ ಗಣಿಯ ಕಡೆ ಹೋಗೋಣ ಅಂತ ಕೇಳಿದವಳು ಶಶಿರೇಖಾ. ಮೂರನೇ ಮನೆಯ ಅಣ್ಣಮ್ಮನ ಸೊಸೆ. ಅವರದು ಗಾಂಧಿಬಜಾರಿನಲ್ಲಿ ತರಕಾರಿ ಅಂಗಡಿ. ಗಂಡ ಮುನಿಕೃಷ್ಣ ಬೆಳಗಿನ ಜಾವಕ್ಕೇ ಮಾರ್ಕೆಟ್ಟಿಗೆ ಹೋದರೆ ಸಂಜೆಗೆ ಮನೆ. ಶಶಿರೇಖಾಳ ತವರು ಗಣಿಯ ಊರು. ತಾಯಿ ಇಲ್ಲ, ಒಡಹುಟ್ಟಿದವರಿಲ್ಲ. ಅಪ್ಪ ಮಾಯಣ್ಣ ಇಪ್ಪತ್ತೆಂಟು ವರ್ಷ ಗಣಿಯೊಳಗೆ ಕಲ್ಲು ಒಡೆದು, ಎದೆಗೆಲ್ಲ ಧೂಳು ತುಂಬಿಸಿಕೊಂಡು, ಕಂಪನಿಯ ಸಾಲುಮನೆಯೊಂದರಲ್ಲಿ ಒಬ್ಬನೇ ಇದ್ದ. ಎರಡು ವರ್ಷದಿಂದ ಅಣ್ಣಮ್ಮ ಅವಳನ್ನು ತವರಿಗೆ ಕಳಿಸಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ, ತವರಿಗೆ ಯಾವ ಮುಖ ಇಟ್ಟುಕೊಂಡು ಹೋಗ್ತಾಳೆ ಅನ್ನುವುದು ಅಣ್ಣಮ್ಮನ ಮಾತು.

"ಅಕ್ಕ, ಅಲ್ಲೇ ಹತ್ರ ಬಂಗಾರು ತಿರುಪತಿ ಇದೆ. ದೇವರು ಅಂದ್ರೆ ಅತ್ತೆ ಬೇಡ ಅನ್ನಲ್ಲ. ನಮ್ಮಪ್ಪನ ಹತ್ರ ಅರ್ಧ ಗಂಟೆ ಬಿಟ್ರೆ ಸಾಕು. ಹೋದ ಕಾಗದದಲ್ಲಿ ಅಕ್ಷರಾನೇ ನೆಟ್ಟಗಿರಲಿಲ್ಲ," ಅಂದಳು. ಕರಿಬೇವಿನ ಕಂತೆ ಮಾರಿ ಕೂಡಿಟ್ಟಿದ್ದ ಚಿಲ್ಲರೆಯಲ್ಲಿ ತನ್ನ ನೂರ ಮೂವತ್ತನ್ನು ಮೊದಲೇ ಎಣಿಸಿ ಕೊಟ್ಟಳು.

ನಾನು ಒಪ್ಪಿಕೊಂಡೆ. ಹಿಂದಿನ ಕಾಲದ ಚಿನ್ನದ ಗಣಿ, ಬೆಟ್ಟದ ಮೇಲೆ ಊಟ, ಬಂಗಾರು ತಿರುಪತಿ ದರ್ಶನ ಅಂತ ಬಾಯಿಂದ ಬಾಯಿಗೆ ಹೇಳಿದ್ದಕ್ಕೆ ಎರಡೇ ದಿನದಲ್ಲಿ ಹದಿನಾಲ್ಕು ಸೀಟೂ ಭರ್ತಿಯಾಯಿತು. ಅಣ್ಣಮ್ಮನೂ ಸೇರಿದಳು. ಸೊಸೆಗೆ ಮಗುವಾಗಲಿ ಅಂತ ಆ ದೇವಸ್ಥಾನದಲ್ಲಿ ತೊಟ್ಟಿಲು ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ಎರಡು ಸಲ ಹೊರಟು ಎರಡು ಸಲವೂ ಸೊಸೆ ಮುಟ್ಟಾಗಿ ನಿಂತುಹೋಗಿತ್ತು.

ಸಂಕ್ರಾಂತಿ ಕಳೆದ ಭಾನುವಾರ. ಬೆಳಿಗ್ಗೆ ಐದೂಕಾಲಿಗೆ ಪುಳಿಯೋಗರೆಗೆ ಒಗ್ಗರಣೆ ಇಟ್ಟಿದ್ದೆ, ಫೋನು ಬಂತು.

"ಶಶಿರೇಖಾ ಇದಾಳಾಮ್ಮಾ? ನಾನು ಅವರ ಅಪ್ಪನ ಪಕ್ಕದ ಮನೆ ಆಂಡಾಳ್. ಮಾಯಣ್ಣ ಪೋಯ್ಟಾರಮ್ಮಾ. ಹೋಗ್ಬಿಟ್ಟರು. ಮೂರು ಗಂಟೆಗೆ ಉಸಿರು ನಿಂತೋಯ್ತು. ಮಗಳು ಎಷ್ಟೊತ್ತಿಗೆ ಬರ್ತಾಳೆ ಕೇಳಿ ಹೇಳಮ್ಮಾ, ಅಲ್ಲಿವರೆಗೆ ಇಟ್ಟಿರ್ತೀವಿ."

ನಾನು ಕಿಟಕಿಗೆ ಹೋಗಿ ಶಶಿ ಅಂತ ಕೂಗಿದೆ. ಅವಳು ನಲ್ಲಿಯ ಹತ್ತಿರ ತಲೆಗೆ ಸ್ನಾನ ಮಾಡುತ್ತಿದ್ದಳಂತೆ. ಬಂದವಳು ಅಣ್ಣಮ್ಮ. ವಿಷಯ ಹೇಳಿದೆ. ಅಣ್ಣಮ್ಮ ಫೋನು ತೆಗೆದುಕೊಂಡಳು. ಅಷ್ಟರಲ್ಲಿ ಸಾಸಿವೆ ಸೀದ ವಾಸನೆ ಬಂತು, ನಾನು ಒಳಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅಣ್ಣಮ್ಮ ಫೋನು ಇಟ್ಟಾಗಿತ್ತು.

"ಸರಸ್ವತಿ, ಇಲ್ಲಿ ನೋಡು," ಅಂದಳು ಮೆತ್ತಗೆ. "ಈ ಸುದ್ದಿ ನಿನಗೆ ಗೊತ್ತು, ನನಗೆ ಗೊತ್ತು. ಅವಳ ಕಿವಿಗೆ ಇನ್ನೂ ಬಿದ್ದಿಲ್ಲ."

"ಅಯ್ಯೋ, ಹೇಳ್ಬೇಡ್ವಾ ಅಕ್ಕ?"

"ಹೇಳಿದ ತಕ್ಷಣ ಅವಳಿಗೆ ಸೂತಕ. ದೇವಸ್ಥಾನದ ಮೆಟ್ಟಿಲು ಹತ್ತೋ ಹಾಗಿಲ್ಲ. ತೊಟ್ಟಿಲು ಮೂರನೇ ಸಲ ನಿಂತುಹೋಗುತ್ತೆ. ನಮಗಿಬ್ಬರಿಗೂ ಅದು ತಟ್ಟಲ್ಲ, ನಾವು ಅವರ ಕುಲ ಅಲ್ಲ. ಅವಳಿಗೆ ತಟ್ಟಬೇಕಾದ್ರೆ ಅವಳು ಕೇಳ್ಬೇಕು. ಕೇಳ್ದೆ ಇರೋರಿಗೆ ಎಲ್ಲೀ ಸೂತಕ?"

ಅದು ಅಣ್ಣಮ್ಮ ಹುಟ್ಟಿಸಿದ ಮಾತಲ್ಲ. ನಮ್ಮ ಹಿರಿಯರೂ ಹಾಗೇ ಹೇಳುತ್ತಿದ್ದರು. ದೂರದ ಸಾವಿನ ಸುದ್ದಿ ತಿಂಗಳ ಮೇಲೆ ಬಂದರೆ ಕೇಳಿದ ದಿನವೇ ತಲೆಗೆ ನೀರು, ಕೇಳುವವರೆಗೆ ಏನೂ ಇಲ್ಲ.

"ಹೆಂಗೂ ಆ ಊರಿಗೇ ತಾನೆ ಹೋಗ್ತಿರೋದು? ಮೊದಲು ದೇವರು ಮುಗಿಸೋಣ. ಆಮೇಲೆ ಅವಳನ್ನ ಅಪ್ಪನ ಬಾಗಿಲಿಗೇ ಕರ್ಕೊಂಡು ಹೋಗಿ ಅಲ್ಲಿ ಹೇಳೋಣ. ಮುಖ ನೋಡ್ತಾಳೆ, ಅಳ್ತಾಳೆ. ಎರಡೂ ಆಗುತ್ತೆ."

"ಅಲ್ಲಿವರೆಗೆ ಇಟ್ಟಿರ್ತಾರಾ?"

"ಇಟ್ಟಿರ್ತೀವಿ ಅಂತ ಅವಳೇ ಅಂದ್ಲಲ್ಲ," ಅಂದಳು ಅಣ್ಣಮ್ಮ.

ಎರಡೂ ಆಗುತ್ತೆ ಅನ್ನುವ ಮಾತು ನನಗೆ ಹಿಡಿಸಿತು. ಹೇಗೂ ಮೂರು ಗಂಟೆಯ ದಾರಿ, ಬಸ್ಸಿನಲ್ಲಿ ಅಳುತ್ತಾ ಹೋಗುವುದಕ್ಕಿಂತ ಜನರ ಮಧ್ಯೆ ನೆಮ್ಮದಿಯಾಗಿ ಹೋಗಲಿ ಅಂದುಕೊಂಡೆ. ಹದಿನಾಲ್ಕು ಜನ ಸ್ನಾನ ಮಾಡಿ ಮಡಿಯುಟ್ಟು ಕೂತಿದ್ದಾರೆ, ಅದೂ ಇತ್ತು. ಹಂಡೆಯ ಪುಳಿಯೋಗರೆ ಇತ್ತು. ನಾನು ತಲೆಯಾಡಿಸಿದೆ.

ಶಶಿರೇಖಾ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದಳು. "ಕರೆದ್ರಾ ಅಕ್ಕ?"

"ಬೇಗ ಹೊರಡು ಅಂತ ಕರೆದೆ ಕಣೇ," ಅಂದೆ.

ಆರು ಗಂಟೆಗೆ ವ್ಯಾನು ಹೊರಟಿತು. ಶಶಿ ನನ್ನ ಪಕ್ಕದಲ್ಲೇ ಕೂತಳು. ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ. ಹಿಂದಿನ ದಿನ ಸಂಜೆಯೆಲ್ಲ ಕೂತು ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಆ ಊರಲ್ಲೂ ಅವರೆಕಾಯಿ ಸಿಗುತ್ತೆ, ಆದರೆ ಒಬ್ಬನೇ ಇರುವ ಗಂಡಸು ಹಿತಕುತ್ತಾ ಕೂರುತ್ತಾನೆಯೇ ಅಂದಳು. "ಉಸಿರು ಕಟ್ಟೋದ್ರಿಂದ ಗಟ್ಟಿ ಪದಾರ್ಥ ತಿನ್ನೋಕಾಗಲ್ಲ ಅಕ್ಕ. ಇದಾದ್ರೆ ಮೆತ್ತಗಿರುತ್ತೆ."

ಹೊಸಕೋಟೆ ದಾಟುವಷ್ಟರಲ್ಲಿ ವ್ಯಾನಿಗೆ ಬಾಯಿ ಬಂತು. ವಠಾರದ ಹಿರಿಯಳು ಭಾಗೀರಥಮ್ಮ. ಎಪ್ಪತ್ತು ದಾಟಿದ ವಿಧವೆ, ಎಲ್ಲ ಟೂರಿಗೂ ಕಿಟಕಿ ಸೀಟು ಅವಳದೇ. ಮಡಿಸಿದ ಪ್ಲಾಸ್ಟಿಕ್ ಚೀಲವೊಂದನ್ನು ಸೊಂಟದಿಂದ ತೆಗೆದು ತೋರಿಸಿದಳು.

"ಅಲ್ಲಿ ಗಣಿ ಮಣ್ಣು ಬೆಟ್ಟ ಬೆಟ್ಟ ಸುರಿದವ್ರಂತೆ. ಒಂದು ಚೀಲ ತಂದು ಸೋಸಿದ್ರೆ ಒಂದು ಮೂಗುಬೊಟ್ಟಿಗಾದ್ರೂ ಆಗಲ್ವಾ?"

"ಅಜ್ಜಿ, ಅದು ಸೈನೈಡ್ ಹಾಕಿ ತೊಳೆದು ಬಿಸಾಕಿರೋ ಮಣ್ಣು," ಅಂದ ಮುನೇಶ ಮುಂದಿನಿಂದ. "ಮೂಗುಬೊಟ್ಟು ಸಿಗೋಷ್ಟ್ರಲ್ಲಿ ಮೂಗೇ ಇರಲ್ಲ."

"ಲೋ ಮುನೇಶ, ನನ್ನ ಮೂಗಿಗೆ ಎಪ್ಪತ್ತು ವರ್ಷ. ಹೋದ್ರೆ ಹೋಗ್ಲಿ ಬಿಡೋ. ನೀನು ರಸ್ತೆ ನೋಡು."

ಎಲ್ಲರೂ ನಕ್ಕರು. ಶಶಿಯೂ ನಕ್ಕಳು. ಅಣ್ಣಮ್ಮ ನಗುತ್ತಲೇ ಹಿಂದೆ ತಿರುಗಿ ನನ್ನನ್ನು ಒಮ್ಮೆ ನೋಡಿದಳು. ನಾನೂ ನಕ್ಕೆ.

ಬಂಗಾರು ತಿರುಪತಿಯಲ್ಲಿ ಜನ ಕಡಿಮೆಯಿದ್ದರು. ಮೆಟ್ಟಿಲು ಹತ್ತಿ, ಕಿಂಡಿಯ ಕಿಟಕಿಯಲ್ಲಿ ದೇವರನ್ನು ನೋಡಿದೆವು. ಅಣ್ಣಮ್ಮ ಸೊಸೆಯ ಕೈಯಲ್ಲೇ ಮರದ ಪುಟ್ಟ ತೊಟ್ಟಿಲನ್ನು ಅರಿಶಿನದ ದಾರದಿಂದ ಕಟ್ಟಿಸಿದಳು. ಮಡಿಲಿಗೆ ಅಕ್ಕಿ, ತೆಂಗಿನಕಾಯಿ ಹಾಕಿದಳು. ಕೆಳಗೆ ಬಿದ್ದ ಒಂದೊಂದು ಅಕ್ಕಿಕಾಳನ್ನೂ ಆರಿಸಿ ಮತ್ತೆ ಮಡಿಲಿಗೇ ಹಾಕಿದಳು. ಅವಳದು ನಾಟಕವಲ್ಲ, ಮೊಮ್ಮಗು ಬೇಕು ಅನ್ನುವ ಆಸೆ ನಿಜವಾದದ್ದು. ಶಶಿ ಕಣ್ಣುಮುಚ್ಚಿ ತುಂಬಾ ಹೊತ್ತು ನಿಂತಿದ್ದಳು. ಕೆಳಗಿಳಿಯುವಾಗ, "ಏನೇ ಅಷ್ಟೊತ್ತು ಬೇಡ್ಕೊಂಡೆ?" ಅಂತ ಭಾಗೀರಥಮ್ಮ ಕೇಳಿದಳು.

"ಮಗೂನ ಅತ್ತೆ ಕೇಳ್ಕೊಂಡ್ರಲ್ಲ ಅಜ್ಜಿ. ನಾನು ನಮ್ಮಪ್ಪನ ಉಸಿರು ಕೇಳ್ಕೊಂಡೆ."

ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಮುಂದೆ ಹೋಗಿಬಿಟ್ಟೆ.

ಅಣ್ಣಮ್ಮನನ್ನು ಬೇರೆ ಕರೆದು, "ಆಯ್ತಲ್ಲ ಅಕ್ಕ, ಇನ್ನು ನೇರ ಅವರ ಮನೆಗೇ ಹೋಗೋಣ," ಅಂದೆ.

"ದರ್ಶನ ಮಾಡಿ ಹೊಟ್ಟೇಲಿ ಅನ್ನ ಇಲ್ದೆ ಸಾವಿನ ಮನೆಗೆ ಹೋಗ್ತಾರಾ? ಅಲ್ಲಿ ಹೋದ್ಮೇಲೆ ಯಾರೂ ಊಟ ಮಾಡೋ ಹಾಗಿಲ್ಲ. ಹದಿನಾಲ್ಕು ಜನಾನ ಉಪವಾಸ ಕೆಡವ್ತೀಯಾ?"

ಅದೂ ಸರಿಯೇ ಅನ್ನಿಸಿತು. ಆ ದಿನ ಅಣ್ಣಮ್ಮ ಆಡಿದ ಒಂದೊಂದು ಮಾತೂ ಸರಿಯಾಗೇ ಇತ್ತು.

ಬೇತಮಂಗಲದ ಮೇಲೆ ಹಾದು ಹನ್ನೆರಡರ ಹೊತ್ತಿಗೆ ಗಣಿಯ ಊರು ಸೇರಿದೆವು. ದೂರದಿಂದಲೇ ಮಣ್ಣಿನ ಗುಡ್ಡಗಳು ಕಂಡವು. ಗಿಡವಿಲ್ಲ, ಹುಲ್ಲಿಲ್ಲ, ಹಳಸಿದ ಮಜ್ಜಿಗೆಯ ಬಣ್ಣ. ಅವುಗಳ ಹಿಂದೆ ನಿಜವಾದ ಬೆಟ್ಟಗಳು, ಬಂಡೆಯ ಮೇಲೆ ಬಂಡೆ. ಗಣಿಯ ಗೇಟಿನ ಹತ್ತಿರ ಮುನೇಶ ನಿಲ್ಲಿಸಿದ. ಒಳಗೆ ಬಿಡುವುದಿಲ್ಲ ಅಂದ ಕಾವಲುಗಾರ. ಹೊರಗಿನಿಂದಲೇ ಕಬ್ಬಿಣದ ಎತ್ತರದ ಗೋಪುರ, ಅದರ ತಲೆಯ ಮೇಲಿನ ದೊಡ್ಡ ಗಾಲಿ ನೋಡಿದೆವು. ಗಾಲಿ ಸುತ್ತುತ್ತಿತ್ತು.

ತೋರಿಸುವ ಕೆಲಸ ಶಶಿಯದಾಯಿತು. ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ಯಾವತ್ತೂ ಕಂಡಿರಲಿಲ್ಲ. "ಆ ಗಾಲಿಗೆ ಹಗ್ಗ, ಹಗ್ಗಕ್ಕೆ ಪಂಜರ. ಪಂಜರದಲ್ಲಿ ನಿಂತ್ಕೊಂಡು ಮೈಲಿಗಟ್ಟಲೆ ಕೆಳಗೆ ಹೋಗೋದು. ಅಲ್ಲಿ ಬೆಂಕಿ ಥರ ಸೆಕೆ, ಬರೀ ಟವೆಲು ಉಟ್ಕೊಂಡು ಕೆಲಸ. ಒಂದೊಂದ್ಸಲ ಒಳಗೆ ಬಂಡೆ ಸಿಡಿದ್ರೆ ನಮ್ಮನೇಲಿ ಪಾತ್ರೆ ಎಲ್ಲ ಅಲ್ಲಾಡಿ ಕೆಳಗೆ ಬೀಳೋದು. ಪಾತ್ರೆ ಬಿತ್ತು ಅಂದ್ರೆ ಸಾಲಿನ ಹೆಂಗಸರೆಲ್ಲ ಬೀದಿಗೆ ಬಂದು, ಯಾವ ಶಿಫ್ಟು, ಯಾರ ಮನೆಯವರು ಒಳಗವ್ರೆ ಅಂತ ಎಣಿಸೋರು. ನಮ್ಮಮ್ಮ ಪಾತ್ರೆ ಎತ್ತೇ ಇಡ್ತಿರಲಿಲ್ಲ, ಅಪ್ಪ ಮನೆಗೆ ಬರೋವರೆಗೆ."

"ಅಷ್ಟು ಚಿನ್ನ ತೆಗೆದು ನಿಮ್ಮಪ್ಪ ನಿನಗೆ ಹಾಕಿದ್ದು ಎರಡೆಳೆ ಸರ," ಅಂದಳು ಅಣ್ಣಮ್ಮ.

"ಆಚೆ ಬರುವಾಗ ಬಾಯಿ ತೆರೆಸಿ, ಮೈಯೆಲ್ಲ ತಡಕಿ ಬಿಡೋರು ಅತ್ತೆ. ಅವರು ತಂದಿದ್ದು ಕೆಮ್ಮು ಒಂದೇ," ಅಂದು ಶಶಿ ನಕ್ಕಳು.

ಊರ ಅಂಚಿನಲ್ಲಿ ಆಂಜನೇಯನ ಗುಡಿಯಿರುವ ಒಂದು ಬಂಡೆಬೆಟ್ಟ. ನೂರು ಮೆಟ್ಟಿಲಿರಬಹುದು. ಮೇಲೆ ಎರಡು ಹುಣಸೆಮರ, ನೆರಳು, ತಣ್ಣನೆಯ ಗಾಳಿ. ಅಲ್ಲೇ ಎಲೆ ಹಾಕಿದೆವು. ಇಡೀ ಊರು ಕಾಲ ಕೆಳಗೆ ಬಿದ್ದಿತ್ತು. ಮಣ್ಣುಗುಡ್ಡಗಳ ನಡುವೆ ಸಾಲು ಸಾಲು ತಗ್ಗು ಮನೆಗಳು, ಒಂದು ಚರ್ಚು, ಬ್ರಿಟಿಷರ ಕಾಲದ ಬಂಗಲೆಗಳು, ರೈಲಿನ ಹಳಿ. ಶಶಿ ಕೈಚಾಚಿ ತೋರಿಸಿದಳು.

"ಅಕ್ಕ, ಆ ನೀರಿನ ಟ್ಯಾಂಕ್ ಕಾಣ್ತಿದ್ಯಾ? ಅದರ ಎಡಕ್ಕೆ ಮೂರನೇ ಸಾಲು. ಕೊನೇ ಮನೆ ನಮ್ಮದು. ಬಾಗಿಲಲ್ಲಿ ಜನ ಇರೋ ಹಾಗಿದೆ. ಅಪ್ಪ ಬಿಸಿಲಿಗೆ ಕೂತಿರ್ಬೇಕು, ಎಲ್ಲ ಮಾತಾಡಿಸ್ತಿರ್ತಾರೆ."

ನಾನು ನೀರು ಕುಡಿದೆ.

ಮೊಸರನ್ನ ಬಡಿಸುವ ಹೊತ್ತಿಗೆ ತಮಟೆಯ ಸದ್ದು ಕೇಳಿತು. ಮೂರನೇ ಸಾಲಿನ ಬಾಯಿಂದ ಒಂದು ಮೆರವಣಿಗೆ ಹೊರಬಿತ್ತು. ಮುಂದೆ ತಮಟೆಯವರು, ಒಂದೆರಡು ಪಟಾಕಿ, ಆಮೇಲೆ ಹೂವಿನ ಚಟ್ಟ. ಹಿಂದೆ ಮೂವತ್ತು ನಲವತ್ತು ಗಂಡಸರು. ಬೆಟ್ಟದ ಬುಡದಲ್ಲೇ, ಮಣ್ಣುಗುಡ್ಡದ ಪಕ್ಕದಲ್ಲಿ ಸ್ಮಶಾನ. ಅವರು ಅದರ ಕಡೆಗೇ ಬರುತ್ತಿದ್ದರು.

ನಾನು ಅಣ್ಣಮ್ಮನ ಮುಖ ನೋಡಿದೆ. ಅವಳು ಅನ್ನ ಕಲಸುತ್ತಿದ್ದಳು, ತಲೆಯೆತ್ತಲಿಲ್ಲ.

ಶಶಿ ಎದ್ದು ಬಂಡೆಯ ಅಂಚಿಗೆ ಹೋದಳು. "ನಮ್ಮ ಸಾಲಿನದೇ. ಯಾರು ಹೋದ್ರೋ ಪಾಪ. ಆರನೇ ಮನೆ ತಾತ ಇರ್ಬೇಕು, ನನ್ನ ಮದುವೇಲೇ ಹಾಸಿಗೆ ಹಿಡಿದಿದ್ರು. ಅಪ್ಪಂಗೆ ತುಂಬಾ ಬೇಕಾದೋರು. ಅಕ್ಕ, ನಾನು ಓಡಿ ಇಳಿದು ಕೇಳ್ಕೊಂಡು ಬರ್ಲಾ? ಹತ್ತು ನಿಮಿಷ."

ಹತ್ತು ನಿಮಿಷ ಸಾಕಿತ್ತು. ಚಟ್ಟ ಬುಡಕ್ಕೆ ಬರುವ ಹೊತ್ತಿಗೆ ಅವಳು ಮೆಟ್ಟಿಲಿಳಿದಿರುತ್ತಿದ್ದಳು. ದಾರಿಯಲ್ಲಿ ಒಂದು ಕಡೆ ಇಳಿಸಿ ಬಾಯಿಗೆ ಅಕ್ಕಿ ಹಾಕುವ ಪದ್ಧತಿ ಇದ್ದೇ ಇದೆ. ಮುಖ ನೋಡಬಹುದಿತ್ತು.

ಅಣ್ಣಮ್ಮ ಈಗ ತಲೆಯೆತ್ತಿದಳು. "ತೊಟ್ಟಿಲು ಕಟ್ಟಿ ಬಂದೋಳು ಹೆಣದ ಹಿಂದೆ ಓಡ್ತೀಯಾ? ಮಡಿಲಲ್ಲಿ ದೇವರ ಅಕ್ಕಿ ಇದೆ. ದೂರದಿಂದ ನೋಡಿದ್ರೆ ದೋಷ ಇಲ್ಲ. ಹೆಣ ಎದುರಾಗೋದು ಒಳ್ಳೆ ಶಕುನ. ಅಲ್ಲೇ ನಿಂತು ಕೈ ಮುಗಿ."

ಶಶಿ ನನ್ನ ಕಡೆ ತಿರುಗಿದಳು. ಅತ್ತೆಯ ಮಾತಿನ ಮೇಲೆ ಇನ್ನೊಂದು ಮಾತು ಹೇಳುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಟೂರು ನನ್ನದು. ಹೋಗಿ ಬಾ ಅಂದಿದ್ದರೆ ಅವಳು ಹೋಗುತ್ತಿದ್ದಳು.

ಅದು ಅವನೇ ಇರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಮಗಳು ಬರುವವರೆಗೆ ಇಟ್ಟಿರುತ್ತೇವೆ ಅಂದಿದ್ದರಲ್ಲ. ಗಣಿಯ ಊರಲ್ಲಿ ದಿನಕ್ಕೆ ಎಷ್ಟು ಜನ ಸಾಯುತ್ತಾರೋ. ಆದರೆ ಅದು ಯಾರ ಹೆಣವೆಂದು ನನಗೆ ಗೊತ್ತಿತ್ತು.

"ಊಟ ಮುಗಿಸು ಬಾ ಶಶಿ," ಅಂದೆ. "ಆಮೇಲೆ ಮನೆಗೇ ಹೋಗ್ತೀವಲ್ಲ."

ಅವಳು ಅಂಚಿನಲ್ಲೇ ನಿಂತು ಕೈ ಮುಗಿದಳು. ಚಟ್ಟ ನಮ್ಮ ಕೆಳಗೆ ಹಾದುಹೋಯಿತು. ಹೂವು, ಬಿಳಿ ಬಟ್ಟೆ, ಅಷ್ಟು ಎತ್ತರದಿಂದ ಬೇರೇನೂ ಕಾಣಲಿಲ್ಲ. "ಒಳ್ಳೆ ಸಾವು ಬಿಡಿ, ತಮಟೆ ಚೆನ್ನಾಗಿ ಬಡೀತವ್ರೆ," ಅಂದು ವಾಪಸು ಬಂದು ಎಲೆಯ ಮುಂದೆ ಕೂತಳು. ಮೊಸರನ್ನ ಪೂರ್ತಿ ಉಂಡಳು. ನಾನೇ ಇನ್ನೊಂದು ಸಲ ಬಡಿಸಿದೆ.

ಎರಡೂವರೆಗೆ ಆ ಬೀದಿಗೆ ಬಂದೆವು. ವ್ಯಾನು ಒಳಗೆ ಹೋಗುವುದಿಲ್ಲ. ಶಶಿ ಡಬ್ಬಿ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಡೆದಳು. ನಾನೂ ಅಣ್ಣಮ್ಮನೂ ಹಿಂದೆ. ಬೀದಿಯಲ್ಲಿ ತುಳಿದ ಚೆಂಡುಹೂವು ಬಿದ್ದಿತ್ತು. ಆರನೇ ಮನೆಯ ಮುಂದೆ ಒಬ್ಬ ಮುದುಕ ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದ. ಅವನನ್ನು ನೋಡಿ ಶಶಿಯ ನಡಿಗೆ ನಿಧಾನವಾಯಿತು. ಅವನು ಇವಳನ್ನು ನೋಡಿ ತಲೆ ತಗ್ಗಿಸಿದ.

ಕೊನೆಯ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ನೆಲ ತೊಳೆದು ಇನ್ನೂ ಒದ್ದೆ. ಒಳಗೆ ನೆಲದ ಮೇಲೆ ಒಂದು ದೀಪ, ಅದರ ಮುಂದೆ ಒಂದು ಲೋಟ ನೀರು. ಶಶಿ ಹೊಸ್ತಿಲ ಆಚೆಯೇ ನಿಂತಳು. ಒದ್ದೆ ತಲೆಯ ಒಬ್ಬ ದಪ್ಪ ಹೆಂಗಸು ಪಕ್ಕದ ಮನೆಯಿಂದ ಓಡಿ ಬಂದಳು. ಆಂಡಾಳ್ ಅವಳೇ.

"ಈಗ ಬಂದ್ಯಾ ಕಣ್ಣೂ? ಈಗ ಬಂದ್ಯಾ? ಇದೀಗ ಮಣ್ಣು ಮಾಡಿ ಬಂದ್ರಲ್ಲಮ್ಮಾ."

"ಯಾರಿಗೆ?" ಅಂದಳು ಶಶಿ.

ಶಶಿ ದೀಪವನ್ನು ನೋಡಿದಳು, ಗೋಡೆಯ ಮೊಳೆಗೆ ತೂಗುಹಾಕಿದ್ದ ಅಪ್ಪನ ಅಂಗಿಯನ್ನು ನೋಡಿದಳು. ಡಬ್ಬಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು, ಚೆಲ್ಲಬಾರದು ಅನ್ನುವ ಹಾಗೆ.

"ಸಂಜೆ ನಾಲ್ಕರವರೆಗೆ ಇಡೋಣ ಅಂತ ನಾನು ಎಷ್ಟು ಹೇಳಿದೆ," ಅಂದಳು ಆಂಡಾಳ್. "ಬೆಳಿಗ್ಗೆ ಫೋನ್ ಮಾಡಿದ್ನಲ್ಲ? ನಿಮ್ಮತ್ತೆ ತಾನೆ ಮಾತಾಡಿದ್ದು? ಅವಳಿಗೆ ಬರೋಕಾಗಲ್ಲ, ಕಾಯ್ಬೇಡಿ, ಬೇಗ ಎತ್ಬಿಡಿ ಅಂದ್ರು. ಕಾಯೋರು ಯಾರೂ ಇಲ್ಲ ಅಂತ ಗಂಡಸರು ಒಂದು ಗಂಟೆಗೇ ಎತ್ಬಿಟ್ರು."

ನಾನು ಅಣ್ಣಮ್ಮನ ಕಡೆ ತಿರುಗಿದೆ. ಒಗ್ಗರಣೆ ಸೀದ ಆ ಒಂದು ನಿಮಿಷದಲ್ಲಿ ಅವಳು ಹೇಳಿದ್ದು ಅದು.

ಅಣ್ಣಮ್ಮನ ದನಿ ಏರಲಿಲ್ಲ. "ತೊಟ್ಟಿಲು ಕಟ್ಟಿದ ಕೈಯಲ್ಲಿ ಅದೇ ದಿನ ಹೆಣ ಮುಟ್ಟಿದ್ರೆ ಹೊಟ್ಟೇಲಿ ಏನು ಉಳಿಯುತ್ತೆ? ನಿನ್ನ ಒಳ್ಳೇದಕ್ಕೇ ಕಣೇ. ನಾನೇನು ರಾಕ್ಷಸಿನಾ? ಬೆಟ್ಟದ ಮೇಲಿಂದ ಕೈ ಮುಗಿಸ್ಲಿಲ್ವಾ?"

ಆಗ ಶಶಿಗೆ ಪೂರ್ತಿ ಗೊತ್ತಾಯಿತು. ತಾನು ಮುಗಿದ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಬಗ್ಗಿ ಮೊಸರನ್ನವನ್ನೆಲ್ಲ ಚರಂಡಿಗೆ ವಾಂತಿ ಮಾಡಿದಳು.

ಸುದ್ದಿ ಕೇಳಿದ ಮೇಲೆ ತಲೆಗೆ ನೀರು ಹಾಕಬೇಕು. ಆಂಡಾಳ್ ನಲ್ಲಿಯ ಹತ್ತಿರ ಕೂರಿಸಿ, ಉಟ್ಟ ಸೀರೆಯ ಮೇಲೆಯೇ ಮೂರು ಕೊಡ ತಣ್ಣೀರು ಸುರಿದಳು. ಅಷ್ಟರಲ್ಲಿ ವ್ಯಾನಿನ ಕಡೆಯಿಂದ ಭಾಗೀರಥಮ್ಮ ಬಂದು ನನ್ನ ಸೆರಗು ಜಗ್ಗಿದಳು. "ಸರಸ್ವತಿ, ಎಲ್ಲರ ಪ್ರಸಾದವೂ ಅವಳ ಸೀಟಿನ ಕೆಳಗಿದೆ. ಈಗ ಅವಳು ಬಂದು ಕೂತ್ರೆ ಹೆಂಗೆ? ಜನ ಗೊಣಗ್ತಾ ಇದಾರೆ. ಮೊದಲೇ ಹೇಳ್ಬಾರ್ದಿತ್ತಾ?"

"ಅವಳು ಬರಲ್ಲ," ಅಂದಳು ಆಂಡಾಳ್, ಕೊಡ ಕೆಳಗಿಟ್ಟು. "ಮೂರು ದಿನ ನನ್ನ ಮನೇಲಿ ಇರ್ತಾಳೆ. ನೀವು ನಿಮ್ಮ ಪ್ರಸಾದ ತಗೊಂಡು ಹೋಗಿ."

ಅಣ್ಣಮ್ಮ ಆಗಲೇ ವ್ಯಾನಿನ ಕಡೆ ನಡೆದಿದ್ದಳು. ನಾನು ಹೋಗಲಾರದೆ ನಲ್ಲಿಯ ಹತ್ತಿರ ನಿಂತೆ. ಶಶಿ ಚಳಿಗೆ ನಡುಗುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು.

"ಅಕ್ಕ, ಫೋನು ನಿಮ್ಮನೇಗೆ ತಾನೆ ಬಂದಿದ್ದು. ನಿಮಗೆ ಗೊತ್ತಿತ್ತಾ?"

ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಹೇಳಬೇಕು ಅಂತಲೇ ಬಾಯಿ ತೆರೆದೆ. ವಠಾರ, ನಲ್ಲಿಯ ಸಾಲು, ದಿನಾ ಎದುರಾಗುವ ಅವಳ ಮುಖ, ಮುಂದಿನ ತಿಂಗಳ ಟೂರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಫೋನು ಬಂತು, ನಿಮ್ಮತ್ತೇನ ಕರೆದುಕೊಟ್ಟೆ ಅಷ್ಟೇ ಕಣಮ್ಮ. ನಾನು ಒಳಗೆ ಒಗ್ಗರಣೆ ಹಾಕ್ತಿದ್ದೆ. ಅವರೇನು ಮಾತಾಡಿದ್ರೋ ನನಗೆ ಕೇಳಿಸ್ಲಿಲ್ಲ."

ಅರ್ಧ ನಿಜ. ಅದಕ್ಕೇ ಅಷ್ಟು ಸಲೀಸಾಗಿ ಬಂತು.

ಅವಳು ಒದ್ದೆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. "ನಿಮಗೆ ಗೊತ್ತಿರಲ್ಲ ಅಂತ ನನಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದಿದ್ರೆ ನೀವು ಬೆಟ್ಟದ ಮೇಲೇ ಹೇಳ್ತಿದ್ರಿ," ಅಂದಳು. ಆಗ ಅತ್ತಳು. ನನ್ನ ಹೆಗಲ ಮೇಲೆ ತಲೆಯಿಟ್ಟೇ ಅತ್ತಳು. ನಾನು ಅವಳ ಬೆನ್ನು ಸವರಿದೆ.

ಮೂರು ದಿನ ಕಳೆದು ಮುನಿಕೃಷ್ಣ ಹೋಗಿ ಅವಳನ್ನು ಕರೆದುಕೊಂಡು ಬಂದ. ಒಂದೇ ಅಡಿಗೆಮನೆಯಲ್ಲಿ ಅತ್ತೆಯ ಜೊತೆ ಎರಡು ತಿಂಗಳು ಮಾತಿಲ್ಲದೆ ಬೇಯಿಸಿದಳು, ಆಮೇಲೆ ಬೇಕಾದಷ್ಟು ಮಾತ್ರ ಆಡಿದಳು. ಎರಡು ವರ್ಷಕ್ಕೆ ಹೆಣ್ಣು ಮಗುವಾಯಿತು. ತಾನು ಅಂದು ಬಾಯಿ ಬಿಗಿಹಿಡಿದದ್ದರ ಫಲ ಅಂತ ಅಣ್ಣಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡಳು, ನಂಬುವವರು ನಂಬಿದರು. ಆಸ್ಪತ್ರೆಯಿಂದ ಬಂದ ದಿನ ಶಶಿ ಮಗುವನ್ನು ಅತ್ತೆಯ ಕೈಗೆ ಕೊಡುವ ಮೊದಲು ನನ್ನ ಮಡಿಲಿಗೆ ಹಾಕಿದಳು. ವಠಾರದಲ್ಲಿ ನನಗೆ ನಮ್ಮೋರು ಅಂತ ಇರೋದು ಇವರೊಬ್ಬರೇ ಅಂತ ಎಲ್ಲರ ಮುಂದೆ ಹೇಳಿದಳು.

ಅಣ್ಣಮ್ಮ ತೀರಿಕೊಂಡು ಈಗ ಮೂರು ವರ್ಷ. ನಿಜ ಗೊತ್ತಿರುವವಳು ನಾನೊಬ್ಬಳೇ ಉಳಿದಿದ್ದೇನೆ. ಹೇಳಬೇಕು ಅಂತ ಎಷ್ಟೋ ಸಲ ಶಶಿಯ ಬಾಗಿಲವರೆಗೆ ಹೋಗಿದ್ದೇನೆ. ಕಾಫಿ ಕೊಡುತ್ತಾಳೆ, ಕುಡಿದು ಬರುತ್ತೇನೆ. ಅವಳಿಗೆ ಅಪ್ಪನ ಮುಖ ಸಿಗಲಿಲ್ಲ. ನನಗೆ ಅವಳ ಪ್ರೀತಿ ಸಿಕ್ಕಿತು, ಸುಳ್ಳು ಹೇಳಿ ಪಡೆದದ್ದು, ಇವತ್ತಿಗೂ ಹಿಂದಿರುಗಿಸಿಲ್ಲ.